ಚಿಕ್ಕಬೀರಯ್ಯನ ಗೋಡೆ

ಗಂಡಸಿಯ ಆ ಮನೆಯಲ್ಲಿ ಹಿರಿಯರ ಹಬ್ಬ ಬಂತೆಂದರೆ ತೀರಿಕೊಂಡವರೆಲ್ಲರ ಫೋಟೊ ಮುಂದೆ ಎಡೆ ಇಡುತ್ತಿದ್ದರು. ಚಿಕ್ಕಬೀರಯ್ಯನಿಗೆ ಮಾತ್ರ ಬರೀ ಗೋಡೆಯ ಮುಂದೆ. ಅದಕ್ಕೆ ಕಾರಣ ಮೊಮ್ಮಗಳು ಲಾವಣ್ಯಳೇ. ಎಂಟು ವರ್ಷದವಳಿದ್ದಾಗ ದೊಡ್ಡವರ ಹಾಗೆ ತಾನೂ ದೀಪ ಹಚ್ಚಲು ಹೋಗಿ, ತಾತನ ಒಂದೇ ಒಂದು ಫೋಟೊಗೆ ಬೆಂಕಿ ತಗುಲಿಸಿದ್ದಳು. ಅಜ್ಜಿ ಗಿರಿಯಮ್ಮ ಅಂದು ಬೈಯಲಿಲ್ಲ. ಇಪ್ಪತ್ತು ವರ್ಷವಾದರೂ ಬೈಯಲಿಲ್ಲ. ಎರಡೇಟು ಬಿಗಿದಿದ್ದರೆ ಎಂದೋ ಮರೆತುಹೋಗುತ್ತಿತ್ತು. ಬೈಯದೆ ಬಿಟ್ಟದ್ದೇ ಲಾವಣ್ಯಳನ್ನು ಇಷ್ಟು ವರ್ಷ ಚುಚ್ಚುತ್ತಿತ್ತು.

ಈಗ ಅವಳು ಲಡಾಖಿನ ಬೆಟ್ಟವೊಂದರ ತುದಿಯಲ್ಲಿ ಆಕಾಶ ನೋಡುವ ದೂರದರ್ಶಕ ನಡೆಸುವವರಲ್ಲಿ ಒಬ್ಬಳು. ಅಲ್ಲಿ ತೆಗೆದ ಚಿತ್ರವೊಂದಕ್ಕೆ ಅರಸೀಕೆರೆಯಲ್ಲಿ ಕಟ್ಟು ಹಾಕಿಸಿಕೊಂಡು ಹಬ್ಬಕ್ಕೆ ಬಂದಳು. ಕಪ್ಪು ಹಾಳೆ, ನಡುವೆ ಒಂದು ಬಿಳಿ ಚುಕ್ಕಿ.

"ಇದೇನೇ ಇದು?" ಎಂದಳು ಗಿರಿಯಮ್ಮ.

"ನಕ್ಷತ್ರ ಅಜ್ಜಿ. ಇದರ ಬೆಳಕು ನಮ್ಮನ್ನ ಮುಟ್ಟೋಕೆ ನಲವತ್ತೊಂದು ವರ್ಷ ಬೇಕು. ತಾತ ಹೋಗಿ ಮೂವತ್ತೊಂಬತ್ತು. ಈ ಬೆಳಕು ಅಲ್ಲಿಂದ ಹೊರಟಾಗ ತಾತ ಇನ್ನೂ ಇದ್ರು. ಫೋಟೊ ಬದಲು ಇದನ್ನಿಡಾಣ ಅಂತ ತಂದೆ."

ಗಿರಿಯಮ್ಮ ಅದನ್ನು ಆ ಬರೀ ಗೋಡೆಯ ಮೊಳೆಗೆ ತೂಗುಹಾಕಿ ವಿಭೂತಿ ಹಚ್ಚಿದಳು. ಎಲೆ ಹಾಸಿ ಮುದ್ದೆ, ಬಾಡಿನ ಸಾರು, ವಡೆ ಬಡಿಸಿದಳು. ಇನ್ನು ಬಾಗಿಲು ಮುಚ್ಚಿ, ಹಿರಿಯರು ಉಂಡು ಹೋಗುವವರೆಗೆ ಎಲ್ಲರೂ ಹೊರಗೆ ಕೂರಬೇಕು. ಲಾವಣ್ಯಳಿಗೆ ಅಳು ಬರುವಷ್ಟು ಮನಸ್ಸು ಹಗುರವಾಯಿತು.

ಅಜ್ಜಿ ಹೊಸಿಲಲ್ಲಿ ನಿಂತಳು. "ಅಲ್ಲ ಕಣೇ, ಆ ಚುಕ್ಕಿ ಮ್ಯಾಲಿಂದ ಯಾರಾರ ನಮ್ಮೂರ್ನ ನೋಡಿದ್ರೆ?"

"ನಲವತ್ತೊಂದು ವರ್ಷದ ಹಿಂದಿನ ಗಂಡಸಿ ಕಾಣುತ್ತೆ."

"ಅವ್ರೂ ಕಾಣ್ತಾರಾ?"

ಅಷ್ಟು ದೊಡ್ಡ ದೂರದರ್ಶಕ ಎಲ್ಲೂ ಇಲ್ಲವೆಂದು ಲಾವಣ್ಯಳಿಗೆ ಗೊತ್ತಿತ್ತು. ಆದರೂ ಹೌದೆಂದರೆ ಪೂರ್ತಿ ಸುಳ್ಳಲ್ಲ. "ಕಾಣ್ತಾರೆ ಅಜ್ಜಿ," ಎಂದಳು.

ಗಿರಿಯಮ್ಮ ಸರಸರನೆ ಹಿಂದಿರುಗಿ ಚಿತ್ರವನ್ನು ಇಳಿಸಿ, ಸೆರಗಿನಿಂದ ವಿಭೂತಿಯನ್ನು ಒರೆಸಿಬಿಟ್ಟಳು. ಇಪ್ಪತ್ತು ವರ್ಷ ನುಂಗಿಕೊಂಡಿದ್ದ ಸಿಟ್ಟು ಈಗ ಹೊರಬಿತ್ತು ಎಂದುಕೊಂಡಳು ಲಾವಣ್ಯ.

"ಬದುಕಿರೋರ್ಗೆ ಎಡೆ ಇಡ್ತಾರೇನೇ, ತಿಕ್ಲಿ?"

ಎಡೆ ಎಂದಿನಂತೆ ಬರೀ ಗೋಡೆಯ ಮುಂದೆಯೇ ಉಳಿಯಿತು. ಗಿರಿಯಮ್ಮ ಬಾಗಿಲೆಳೆದುಕೊಂಡು, ಚಿತ್ರವನ್ನು ಎದೆಗವುಚಿಕೊಂಡು ಜಗಲಿಗೆ ಬಂದಳು. ಅಳುತ್ತಿದ್ದ ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡಳು.

"ಅವತ್ತು ಸುಟ್ಟೋಗಿದ್ದು ಕಾಗದ ಕಣವ್ವ," ಎಂದಳು. "ಅದ್ರಲ್ಲೂ ಅವ್ರ ಮೊಖ ನೆಟ್ಟಗೆ ಬಂದಿರ್ಲಿಲ್ಲ."