ಸರ್ವೋತ್ತಮ ಪ್ರಭುಗಳು ನುಂಗದ ಗುಟುಕು

ವೈನ್ ಬಡಿಸುವುದನ್ನೇ ಕಸುಬು ಮಾಡಿಕೊಂಡವರು ಇಪ್ಪತ್ತು ವರ್ಷಗಳಲ್ಲಿ ಒಂದು ಗುಟುಕನ್ನೂ ನುಂಗಿದವರಲ್ಲ ಎಂದರೆ ಯಾರು ನಂಬಿಯಾರು? ಆದರೆ ಸರ್ವೋತ್ತಮ ಪ್ರಭುಗಳು ನುಂಗಿರಲಿಲ್ಲ. ಗಂಗೊಳ್ಳಿಯಿಂದ ಬಹರೈನಿಗೆ ಹೊರಟಾಗ ತಾಯಿಗೆ ಕೊಟ್ಟ ಮಾತು ಅವರ ಗಂಟಲಲ್ಲಿ ಕಾವಲು ಕೂತಿತ್ತು. ಅಲ್ಲಿನ ಹೂರಾ ಬಡಾವಣೆಯ ಹೋಟೆಲಿನಲ್ಲಿ ಬಾಟಲಿ ಬಿಚ್ಚಿ, ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಗುಟುಕನ್ನು ನಾಲಗೆಯ ಮೇಲೆ ಹೊರಳಾಡಿಸಿ, ಸದಾ ಜೊತೆಗಿರುವ ಸ್ಟೀಲ್ ಲೋಟಕ್ಕೆ ಸದ್ದಿಲ್ಲದೆ ಉಗಿದು, ಆಮೇಲೆ ಗಂಭೀರವಾಗಿ ತೀರ್ಪು ಹೇಳುವರು. ಕಡುಬೇಸಿಗೆಯಲ್ಲೂ ಕಳಚದ ಕಪ್ಪು ಕೋಟು, ಕೈಯಲ್ಲಿ ತಟ್ಟೆಯಿಲ್ಲದಿದ್ದರೂ ಇದ್ದಂತೆ ಒಂದು ಕಡೆಗೆ ವಾಲುವ ನಡಿಗೆ, ಹೊಸ ಚಪ್ಪಲಿ ಕೊಂಡರೂ ಮೊದಲು ಮೂಸಿ ನೋಡುವ ಚಾಳಿ. ಇಷ್ಟು ಸೇರಿದರೆ ಪ್ರಭುಗಳು. ಆ ಲೋಟವನ್ನು ಮಾತ್ರ ಗುಫೂಲ್ ಬಡಾವಣೆಯ ಮನೆಯಲ್ಲಿ ಅವರ ಹೆಂಡತಿ ಸುಜಾತಾ ಅಡುಗೆಮನೆಗೆ ಸೇರಿಸುತ್ತಿರಲಿಲ್ಲ. ಬಚ್ಚಲ ನಲ್ಲಿಯಲ್ಲಿ ಅವರೇ ತೊಳೆದುಕೊಳ್ಳಬೇಕಿತ್ತು.

ತೊಂಬತ್ತನಾಲ್ಕನೆಯ ಇಸವಿಯಲ್ಲಿ ಅವರು ತಮ್ಮ ಮೂಗನ್ನೇ ನಂಬಿ, ಮೂರು ಜಾತಿಯ ದ್ರಾಕ್ಷಿ ಬೆರೆಸಿದ ತುರ್ಕಿಯ ಬಿಳಿ ವೈನನ್ನು ಹೋಟೆಲಿಗೆ ತರಿಸಿದರು. ಗಿರಾಕಿಗಳು ಮೂಸಿಯೂ ನೋಡಲಿಲ್ಲ. ಮ್ಯಾನೇಜರ್ ಚಾರ್ಲ್ಸ್ ಶಿರ್ವದವರು, ಒಳ್ಳೆಯವರೇ, ಆದರೆ ತಾಳ್ಮೆ ಕಡಿಮೆ.

"ತುರ್ಕಿಯವರ ಕಾಫಿ ಆದರೆ ಸರಿ, ವೈನ್ ಯಾರಿಗೆ ಬೇಕು ಪ್ರಭುಗಳೇ? ವಾಪಸ್ ಕಳಿಸುವ. ನೀವು ಇನ್ನು ಬೆಳಗ್ಗಿನ ತಿಂಡಿಯ ಕಡೆ ನೋಡಿಕೊಳ್ಳಿ."

ಇಂಥ ಮೂಗಿಗೆ ಉಪ್ಪಿಟ್ಟಿನ ಕಾವಲು! ಪ್ರಭುಗಳು ಬಾಟಲಿಯನ್ನು ಚಾರ್ಲ್ಸರ ಮುಂದಕ್ಕೆ ಸರಿಸಿದರು.

"ಹಮೂರ್ ಮೀನಿನ ತೆಳ್ಳಗಿನ ಗಸಿಯೊಟ್ಟಿಗೆ ಒಮ್ಮೆ ಕುಡಿದು ನೋಡಿ. ಸೋಮವಾರ ಮಧ್ಯಾಹ್ನ ಮನೆಗೆ ಬನ್ನಿ. ರುಚಿಸದಿದ್ದರೆ ತಿಂಡಿಯ ಕಡೆಗೇ ಹೋಗುತ್ತೇನೆ."

ಶುಕ್ರವಾರವೇ ರಜೆಯಾದ ಊರಿನಲ್ಲಿ ಅಷ್ಟು ವರ್ಷ ಬಾಳಿದವರಿಗೆ ವಾರಗಳ ಮುಖಚಹರೆಯೇ ಮರೆತುಹೋಗಿತ್ತು. ಮನೆಗೆ ಬಂದು ಹೇಳಿದಾಗ ಸುಜಾತಾ ಸೊಂಟಕ್ಕೆ ಕೈಯಿಟ್ಟರು.

"ಸೋಮವಾರ ನಮ್ಮಲ್ಲಿ ಮೀನು ಉಂಟಾ? ನಿಮ್ಮ ಗ್ರಾಚಾರ."

ಮಂಗಳವಾರ ಚಾರ್ಲ್ಸ್ ರಜೆಗೆ ಊರಿಗೆ ಹೊರಡುವವರಾದ್ದರಿಂದ ದಿನ ಬದಲಿಸುವಂತಿರಲಿಲ್ಲ. ಇದೊಂದು ಸಲ ನೇಮ ಮುರಿ ಎಂದು ಹೆಂಡತಿಗೆ ಹೇಳುವುದು, ತಾವೇ ಒಂದು ಮಾತಿಗೆ ಕಟ್ಟುಬಿದ್ದ ಪ್ರಭುಗಳಿಂದ ಆಗಲಿಲ್ಲ. ಕೋಟು ಹಾಕಿಕೊಂಡೇ ಕುರ್ಚಿಯಲ್ಲಿ ಕುಸಿದು ಕೂತರು, ಪಾಪ.

ಸೋಮವಾರ ಚಾರ್ಲ್ಸರ ಬಟ್ಟಲಿಗೆ ಬಿದ್ದದ್ದು ಸುಟ್ಟ ಬದನೆಕಾಯಿಯ ಮೊಸರು ಗೊಜ್ಜು, ಎಳೆಸೌತೆಯ ಪಚಡಿ, ಬಿಸಿ ಅನ್ನ. "ಮೀನೆಲ್ಲಿ?" ಎಂದು ಅವರು ಕೇಳಲಿಲ್ಲ, ಆ ಮಟ್ಟಿಗೆ ಸಭ್ಯರು. ಗೊಜ್ಜು ತಿಂದರು, ವೈನ್ ಕುಡಿದರು, ಗಡಿಯಾರ ನೋಡಿದರು. ಪ್ರಭುಗಳು ಸ್ಟೀಲ್ ಲೋಟ ಹಿಡಿದು ನೆಲ ನೋಡುತ್ತಿದ್ದರು. ಗಂಡನ ಆ ಮುಖ ಸುಜಾತಾರಿಂದ ನೋಡಲಾಗಲಿಲ್ಲ. ಅಡುಗೆಮನೆಯ ಬಾಗಿಲಿನಿಂದ ಈಚೆ ಬಂದು, ಬದುಕಿನಲ್ಲಿ ಮೊದಲ ಸಲ ಬಾಟಲಿಯ ಬಾಯಿಯನ್ನು ಮೂಸಿ, ಆ ಹುಳಿವಾಸನೆಗೆ ಸಾಟಿಯಾಗಲೆಂದು ಒಳಗೆ ಹೋಗಿ ಅರ್ಧ ಲಿಂಬೆಹಣ್ಣು ತಂದು ಗೊಜ್ಜಿಗೆ ಹಿಂಡಿದರು.

"ಈಗ ನೋಡಿ."

ಚಾರ್ಲ್ಸ್ ಗೊಜ್ಜಿನ ಬಟ್ಟಲನ್ನು ಪೂರ್ತಿಯಾಗಿ ತಮ್ಮ ಕಡೆಗೆ ಎಳೆದುಕೊಂಡರು. ಪ್ರಭುಗಳೂ ಒಂದು ಚೂರು ಗೊಜ್ಜು ನೆಕ್ಕಿ, ಗುಟುಕು ಹೊರಳಾಡಿಸಿ, ಉಗಿದು, ತೀರ್ಪು ಕೊಟ್ಟರು: "ನಾನು ಹೇಳಿದ್ದು ತಪ್ಪು. ಮೀನು ಬೇಡ. ಇದಕ್ಕೆ ಇದೇ."

"ತಿಂಡಿಯ ಕಡೆಗೆ ಬೇರೆ ಜನ ನೋಡುವ," ಎಂದರು ಚಾರ್ಲ್ಸ್, ಬಾಯಿ ತುಂಬಿದ್ದ ಹಾಗೆಯೇ.

ಸುಟ್ಟ ಬದನೆ, ಮೊಸರು, ಸೌತೆಗಳನ್ನು ತುರ್ಕಿಯವರೂ ತಮ್ಮ ಊಟದ ಮೇಜಿನ ಮೇಲೆ ಇಟ್ಟುಕೊಳ್ಳುತ್ತಾರೆಂದು ಪ್ರಭುಗಳಿಗೆ ಗೊತ್ತಾದದ್ದು ಎಷ್ಟೋ ದಿನಗಳ ಮೇಲೆ.

ಅತಿಥಿ ಹೋದ ನಂತರ ಪ್ರಭುಗಳು ಎಂದಿನಂತೆ ಲೋಟ ಹಿಡಿದು ಬಚ್ಚಲ ಕಡೆಗೆ ವಾಲುತ್ತ ಹೊರಟರು. "ಇಲ್ಲಿ ಕೊಡಿ," ಎಂದು ಸುಜಾತಾ ಅದನ್ನು ಕಸಿದುಕೊಂಡು, ಅಡುಗೆಮನೆಯಲ್ಲಿ ತೊಳೆದು, ಮನೆಯ ಲೋಟಗಳ ಸಾಲಿನಲ್ಲೇ ಬೋರಲು ಹಾಕಿದರು.

ತಾವು ಸವಿಯದ ಸುಖವನ್ನು ಜನ್ಮವಿಡೀ ಪರರಿಗೆ ಬಡಿಸುವ ಇಂಥವರನ್ನು ಕಂಡು ಲೋಕ ಅಯ್ಯೋ ಎನ್ನುತ್ತದೆ. ಎನ್ನಬೇಕಾಗಿಲ್ಲ. ಎದುರು ಕೂತವರು ಎರಡನೆಯ ಸಲ ಬಟ್ಟಲಿಗೆ ಕೈ ಚಾಚಿದರೆ ಇಂಥವರ ಹೊಟ್ಟೆ ತುಂಬುತ್ತದೆ. ಅವರು ಕಾಯುವುದು, ತಮ್ಮ ಎಂಜಲು ಲೋಟಕ್ಕೂ ಮನೆಯ ಸಾಲಿನಲ್ಲಿ ಒಂದು ಜಾಗ ಸಿಕ್ಕೀತೇ ಎಂದು ಮಾತ್ರ.