ಶುಕ್ರವಾರದ ದರ

“ಸೋಮವಾರ, ಬುಧವಾರ, ಶುಕ್ರವಾರ ಬೆಳಗ್ಗೆ ಆರರೊಳಗೆ ನಿಮ್ಮ ಬಾಗಿಲಿನವರೆಗೆ ಹಿಮ ತೆಗೆದಿರುತ್ತದೆ. ನಾನು ಈ ಕೆಲಸದಲ್ಲಿ ಇರುವವರೆಗೆ ಅದು ತಪ್ಪುವುದಿಲ್ಲ, ಅಂಕಲ್.” ಐದು ಚಳಿಗಾಲಗಳ ಹಿಂದೆ ಜುವಾಕಿಂ ಅಂಕಲ್‌ಗೆ ನಾನು ಫೋನಿನಲ್ಲಿ ಕೊಟ್ಟ ಮಾತು ಇದು.

ಅವರು ಕೆನಡಾದ ಒಂದು ಸಣ್ಣ ಊರಿನಲ್ಲಿ, ನಾನು ದುಬೈಯ ಅಲ್ ಕುಸೈಸಿನ ಆಫೀಸಿನಲ್ಲಿ. ಕೆನಡಾದಲ್ಲಿ ಮನೆಗಳ ಮುಂದಿನ ಹಿಮ ತೆಗೆಯುವ ಕಂಪನಿಗಳಿಗೆ ಬಿಲ್ ಮಾಡಿ, ಯಾವ ಗಾಡಿ ಯಾವ ಮನೆಗೆ ಎಂದು ಪಟ್ಟಿ ಕಳಿಸುವ ಸಾಫ್ಟ್‌ವೇರ್ ನಮ್ಮದು. ಆ ಮನೆಗಳವರ ಫೋನ್ ಕರೆಗಳೂ ನಮಗೇ ಬರುತ್ತವೆ. ಮೊದಲ ಕರೆಯಲ್ಲೇ ಅಂಕಲ್ ನನ್ನ ಇಂಗ್ಲಿಷಿನಲ್ಲಿ ಊರು ಹಿಡಿದಿದ್ದರು.

“ನೀನು ಉಡುಪಿ ಕಡೆಯವಳಲ್ವಾ ಮಗಾ? ನಾನು ಮಂಗಳೂರು ಕುಲಶೇಖರದವ. ನೀನು ಹಿಮ ನೋಡಿದ್ದು ಫ್ರಿಜ್ಜಿನೊಳಗೆ ಮಾತ್ರ ಆಗಿರ್ಬೇಕು.”

“ಹೌದು ಅಂಕಲ್, ಅದನ್ನು ಚಮಚದಲ್ಲಿ ಕೆರೆದು ತೆಗೆಯುವುದೂ ನಾನೇ.”

ವಾರಕ್ಕೆ ಮೂರು ದಿನ ಅವರಿಗೆ ಡಯಾಲಿಸಿಸ್. ಆಸ್ಪತ್ರೆಯ ವ್ಯಾನು ಆರಕ್ಕೆ ಬರುತ್ತದೆ. ಗಾಲಿಕುರ್ಚಿ ಇಳಿಯುವ ದಾರಿಯಲ್ಲಿ ಹಿಮ ತುಂಬಿದ್ದರೆ ಅದು ಕಾಯುವುದಿಲ್ಲ, ಮುಂದಿನ ರೋಗಿಯ ಮನೆಗೆ ಹೋಗುತ್ತದೆ.

ಈ ಜನವರಿಯಲ್ಲಿ ಅಂಕಲ್ ಊರಿನ ಹಿಮ ತೆಗೆಯುವ ಕಂಪನಿಯ ಮಾಲೀಕ, ಎಲ್ಲರಿಗೂ ಒಂದೇ ದರ ಇನ್ನು ಸಾಕು ಎಂದ. ಬಿದ್ದ ಹಿಮದ ಆಳಕ್ಕೆ ತಕ್ಕ ದರ, ವಾರಾಂತ್ಯದಲ್ಲಿ ಅದರ ಒಂದೂವರೆ ಪಟ್ಟು. ಪ್ರತಿ ಮನೆಯವರೂ ತಾವು ಕೊಡಬಲ್ಲ ಮಿತಿಯನ್ನು ಮೊದಲೇ ಬರೆದುಕೊಟ್ಟಿರುತ್ತಾರೆ. ದರ ಅದನ್ನು ಮೀರಿದರೆ ಅವರ ಮೊಬೈಲಿಗೆ ಮೆಸೇಜ್ ಹೋಗುತ್ತದೆ. ಒಪ್ಪಿಗೆ ಬರುವ ತನಕ ಗಾಡಿ ಹೋಗುವುದಿಲ್ಲ.

ಗುರುವಾರ ಸಂಜೆಯೊಳಗೆ ಹೊಸ ದರಪಟ್ಟಿ ಸಿದ್ಧವಾಗಬೇಕಿತ್ತು. ಮನೆಯಲ್ಲಿ ಮಗಳು ಅಶ್ಮಿತಾ ಜ್ವರದಿಂದ ಮಲಗಿದ್ದಳು. “ಮಮ್ಮಿ, ವೆನ್ ಆರ್ ಯೂ ಕಮಿಂಗ್?” ಎಂದು ಮೂರು ಸಲ ಫೋನ್ ಮಾಡಿದ್ದಳು. ಹೊಸದಾಗಿ ತುಂಬಿಸುತ್ತ ಕೂರುವ ಬದಲು ನಮ್ಮ ಹಳೆಯ ದರಪಟ್ಟಿಯೊಂದನ್ನು ನಕಲು ಮಾಡಿ ಅಂಕಿಗಳನ್ನಷ್ಟೇ ಬದಲಿಸಿದೆ. ಅಂದಿನ ತಾರೀಕು ಹಾಕಿ ಪರೀಕ್ಷಿಸಿದೆ. ಸರಿಯಾಗಿಯೇ ಬಂತು.

ಶುಕ್ರವಾರ ನಮ್ಮ ಮಧ್ಯಾಹ್ನ ಹನ್ನೆರಡಕ್ಕೆ, ಅಂದರೆ ಅಲ್ಲಿನ ಬೆಳಗಿನ ಜಾವ ಮೂರಕ್ಕೆ, ಗಾಡಿಗಳ ಪಟ್ಟಿ ಹೊರಟಿತು. ಅಲ್ಲಿ ಹಿಮ ಸುರಿಯುತ್ತಲೇ ಇತ್ತು. ಇನ್ನೂರ ಹನ್ನೆರಡು ಮನೆಗಳಲ್ಲಿ ನಲವತ್ತೊಂಬತ್ತು ಮನೆಗಳು ‘ಒಪ್ಪಿಗೆಗೆ ಕಾಯುತ್ತಿವೆ’ ಎಂದು ಪರದೆಯ ಮೇಲೆ ಕಂಡಿತು.

“ಸಿದ್ದೀಕ್, ಇದೆಂತ ಇಷ್ಟು ಬಾಕಿ?”

ಪಕ್ಕದ ಮೇಜಿನ ಸಿದ್ದೀಕ್ ಜುಮಾ ನಮಾಜಿಗೆ ಹೊರಟು ನಿಂತಿದ್ದ. “ಹಿಮ ಜಾಸ್ತಿ ಅಲ್ವಾ ಪ್ರಫುಲ್ಲಕ್ಕ, ರೇಟೂ ಜಾಸ್ತಿ. ಜನ ಯೋಚನೆ ಮಾಡ್ತಾರೆ. ನೀವು ಹೋಗಿ ಮಾರಾಯ್ರೆ, ಮಗುವಿಗೆ ಜ್ವರ ಅಂತೀರಿ. ಶುಕ್ರವಾರ ಸಿಕ್ಕಿದ ಅರ್ಧ ದಿನದ ರಜೆಯನ್ನೂ ಕಂಪನಿಗೆ ದಾನ ಮಾಡ್ಲಿಕ್ಕುಂಟಾ? ಯಲ್ಲಾ, ಹೊರಡಿ, ಖಲಾಸ್!”

ಆ ನಲವತ್ತೊಂಬತ್ತು ಹೆಸರುಗಳನ್ನು ನೋಡಲು ಒಂದು ಬಟನ್ ಒತ್ತಿದರೆ ಸಾಕಿತ್ತು. ಒತ್ತಲಿಲ್ಲ.

ಮನೆಯಲ್ಲಿ ಅಶ್ಮಿತಾಗೆ ಗಂಜಿ ಕೊಡುತ್ತಿದ್ದಾಗ, ಎರಡು ಇಪ್ಪತ್ತಕ್ಕೆ, ಅಂದರೆ ಅಲ್ಲಿನ ಬೆಳಗಿನ ಐದು ಇಪ್ಪತ್ತಕ್ಕೆ, ಅಂಕಲ್ ಫೋನ್ ಬಂತು.

“ಮಗಾ, ಗಾಡಿ ಬರ್ಲಿಲ್ವಲ್ಲ. ಬಾಗಿಲು ತೆಗೆದರೆ ಹಿಮ ನನ್ನ ಮೊಣಕಾಲಿನವರೆಗೆ ಉಂಟು. ಕುರ್ಚಿಯಲ್ಲಿ ಕೂತವನ ಮೊಣಕಾಲು ಎಷ್ಟು ಎತ್ತರ ಅಂತ ನೀನೇ ಲೆಕ್ಕ ಹಾಕು.”

“ಮೆಸೇಜ್ ಬರ್ಲಿಲ್ವಾ ಅಂಕಲ್?”

“ಮೂರು ಗಂಟೆಗೆ ನಿದ್ದೆ ಮಾಡುವವನಿಗೆ ಎಂತ ಮೆಸೇಜ್ ಮಾರಾಯ್ತಿ? ಬುಧವಾರ ಗಾಳಿಗೆ ರಸ್ತೆ ಬಂದ್ ಆಗಿ ವ್ಯಾನೇ ಬರ್ಲಿಲ್ಲ. ಕಾಲೆಲ್ಲ ಬಾತಿದೆ. ಇವತ್ತೂ ತಪ್ಪಿದ್ರೆ...” ನಗಲು ಹೋದರು. ಉಸಿರು ಸಾಲಲಿಲ್ಲ.

ಲ್ಯಾಪ್‌ಟಾಪ್ ತೆರೆದೆ. ಅವರ ಹೆಸರಿನ ಮುಂದೆ ವಾರಾಂತ್ಯದ ದರ ಬಿದ್ದಿತ್ತು. ನಾನು ನಕಲು ಮಾಡಿದ ಪಟ್ಟಿ ದುಬೈಯಲ್ಲಿ ಶುಕ್ರವಾರ, ಶನಿವಾರ ರಜೆಯಿದ್ದ ಕಾಲದ್ದು. ಇಲ್ಲಿನ ರಜೆ ಶನಿವಾರ, ಭಾನುವಾರಕ್ಕೆ ಸರಿದು ವರ್ಷಗಳೇ ಆದವು. ಕೆನಡಾದಲ್ಲಂತೂ ಶುಕ್ರವಾರ ಎಂದೂ ವಾರಾಂತ್ಯವಲ್ಲ. ಅಂಕಲ್‌ನ ಮಿತಿಗಿಂತ ನಾಲ್ಕು ಡಾಲರ್ ಹೆಚ್ಚಾಗಿತ್ತು, ಅಷ್ಟೇ.

ಅಂಕಲ್‌ಗೆ ಫೋನ್ ಇಡಬೇಡಿ ಎಂದು ಹೇಳಿ ಪಟ್ಟಿಯಲ್ಲಿ ವಾರಾಂತ್ಯದ ದಿನ ತಿದ್ದಿದೆ. ಮನೆಯ ಇನ್ನೊಂದು ಫೋನಿನಿಂದ ಅಲ್ಲಿನ ಕಂಪನಿಗೆ ಕರೆ ಮಾಡಿದೆ. ಆ ಬೀದಿಯನ್ನು ಗಾಡಿ ಬೆಳಗಿನ ನಾಲ್ಕಕ್ಕೇ ದಾಟಿದೆ, ಈ ಹಿಮದಲ್ಲಿ ತಿರುಗಿ ಬರಲು ಗಂಟೆಯಾದರೂ ಬೇಕು ಎಂದರು. ಪರದೆಯ ನಕ್ಷೆಯಲ್ಲಿ ಗಾಡಿಯ ಹಸಿರು ಚುಕ್ಕೆ ಹೊರಳಿತು. ಆಮೇಲೆ ನಿಂತೇ ಇದೆಯೇನೋ ಎನ್ನುವಷ್ಟು ನಿಧಾನವಾಗಿ ತೆವಳತೊಡಗಿತು.

“ಮಮ್ಮಿ, ವೈ ಈಸ್ ದ ಗ್ರೀನ್ ಡಾಟ್ ಸೋ ಸ್ಲೋ?” ಅಶ್ಮಿತಾಳ ಬಿಸಿ ಕೈ ನನ್ನ ತೋಳ ಮೇಲಿತ್ತು.

ಮೂರಕ್ಕೆ, ಅಲ್ಲಿನ ಆರಕ್ಕೆ ಸರಿಯಾಗಿ, ಅಂಕಲ್ ದನಿ ಬಂತು. “ವ್ಯಾನ್ ಬಂತು ಮಗಾ. ಲೈಟ್ ಕಾಣ್ತದೆ. ಕೈ ಬೀಸ್ತಾ ಇದ್ದೇನೆ. ಡ್ರೈವರ್ ಇಳಿದ. ದಾರಿ ನೋಡಿದ.” ಸ್ವಲ್ಪ ಹೊತ್ತು ಗಾಳಿಯ ಸದ್ದು. “ಹತ್ತಿದ. ಹೋದ.”

“ಆಂಬುಲೆನ್ಸಿಗೆ ಫೋನ್ ಮಾಡಿ ಅಂಕಲ್, ಈಗಲೇ.”

“ಮಾಡ್ತೇನೆ. ಆದ್ರೆ ಅವರಿಗೂ ಇದೇ ದಾರಿ ಅಲ್ವಾ?”

ಫೋನಿಟ್ಟರು. ಅಲ್ಲಿನ ಆರು ಇಪ್ಪತ್ತಕ್ಕೆ ಹಸಿರು ಚುಕ್ಕೆ ಅವರ ಮನೆ ಮುಟ್ಟಿತು. ಕೆಲಸ ಮುಗಿದಿದೆ ಎಂದು ಗಾಡಿಯವನು ಗುರುತು ಹಾಕಿದ, ಬಿಲ್ ತಾನಾಗಿಯೇ ತಯಾರಾಯಿತು. ನಾನು ಹನ್ನೊಂದು ಸಲ ಕರೆ ಮಾಡಿದೆ. ಅಂಕಲ್ ಎತ್ತಲಿಲ್ಲ.

ಆರರೊಳಗೆ ಎಂದು ಹೇಳಿದ್ದೆ. ಆಗಲಿಲ್ಲ. ಕೊಟ್ಟ ಮಾತು ತಪ್ಪಿದೆ.