ಹಿನ್ನೀರಿನ ದಂಡೆಯಲ್ಲಿ ಸಿಕ್ಕ ಮರಿ

ಹೆಗಲಿಗೆ ಚೀಲ ಏರಿಸಿಕೊಂಡು ಮೂರು ದಿನ ನಡೆಯುವುದನ್ನು ಜನ ಖುಷಿಗೆ ಮಾಡುತ್ತಾರೆ ಎಂದರೆ ಹೀರಾಬಾಯಿಗೆ ನಂಬಿಕೆಯೇ ಬರಲಿಲ್ಲ. ಅಷ್ಟೂರಿನ ಈ ಹೆಂಗಸು ಕಾಲು ಬಂದಾಗಿನಿಂದ ಕುರಿಗಳ ಹಿಂದೆ ನಡೆದವಳು. ಐವತ್ತೈದು ದಾಟಿತು, ಮೊಣಕಾಲು ಹೋಯಿತು, ಇನ್ನೂ ನಡಿ ಅಂದರೆ ಹ್ಯಾಗೆ? ಆದರೆ ಕರೆದವಳು ಮಾಯಾ. ಹೀರಾಬಾಯಿಯೇ ಸಾಕಿ ಬೆಳೆಸಿದ ಹುಡುಗಿ, ಈಗ ಬೀದರಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಾಳೆ, ರಜೆ ಬಂತೆಂದರೆ ದುರ್ಬೀನು ಹಿಡಿದು ಹಕ್ಕಿ ನೋಡಲು ಓಡುತ್ತಾಳೆ.

"ಸಮುದ್ರ ಅಂತೂ ನಮ್ಮ ಪಾಲಿಗಿಲ್ಲ, ಅವ್ವಾ. ಕಾರಂಜಾ ಡ್ಯಾಮಿನ ಹಿನ್ನೀರೇ ನಮ್ಮ ಸಮುದ್ರ. ದಂಡಿ ಹಿಡದು ನಡ್ಯೋಣ, ಭಾಲ್ಕ್ಯಾಗ ಬಸ್ ಹತ್ತೋಣ," ಎಂದಿದ್ದಳು ಮಾಯಾ. ಆಮೇಲೆ ದನಿ ಸಣ್ಣಗೆ ಮಾಡಿ, "ಅಲ್ಲಿಂದ ಔರಾದಿಗಿ. ಹೆತ್ತಾಕಿಗಿ ಒಮ್ಮಿ ನೋಡ್ತೇನಿ. ಒಂದ ಸಲಾನೂ ಯಾಕ ಬರಲಿಲ್ಲಂತ ಕೇಳ್ತೇನಿ, ಅಷ್ಟೇ."

ಅಷ್ಟೇ ಅಂತೆ!

ಹೆತ್ತವಳೆಂದರೆ ಹೀರಾಬಾಯಿಯ ತಂಗಿ ಶೇವಂತಾಬಾಯಿ. ಗಂಡ ತೀರಿಕೊಂಡ ವರ್ಷ ಮೂರು ವರ್ಷದ ಮಾಯಾಳನ್ನು ಅಕ್ಕನ ಮಡಿಲಿಗೆ ಹಾಕಿ, ಕೂಲಿ ಹುಡುಕಿಕೊಂಡು ಪುಣೆಗೆ ಹೋದವಳು. ಈಗ ಎರಡು ವರ್ಷದಿಂದ ಔರಾದಿನ ಹಾಸ್ಟೆಲ್ಲೊಂದರಲ್ಲಿ ಅಡುಗೆ ಮಾಡುತ್ತಿದ್ದಾಳೆ. ಹೋದವಳು ತಿರುಗಿಯೂ ನೋಡಲಿಲ್ಲ ಎಂದು ಮಾಯಾಳಿಗೆ ಹೇಳಿದವಳು ಹೀರಾಬಾಯಿಯೇ. ಶುದ್ಧ ಸುಳ್ಳು. ಶೇವಂತಾ ಎರಡು ಸಲ ಬಂದಿದ್ದಳು. ಮೊದಲ ಸಲ, ಕೂಸು ಹಿಂಡಿನ ಸಂಗಡ ಜಹೀರಾಬಾದಿನ ಕಡೆ ಹೋಗಿದೆ ಎಂದು ಹೀರಾಬಾಯಿ ಅವಳನ್ನು ಕಳಿಸಿದಳು. ಎರಡನೇ ಸಲ, ನಿನ್ನ ಹೆಸರೆತ್ತಿದರೆ ಕೂಸು ಹೆದರಿ ಅಳುತ್ತದೆ, ಇನ್ನು ಬರಬೇಡ ಎಂದಳು. ಮಕ್ಕಳಿಲ್ಲದ ಮನೆಗೆ ಬಂದ ಕೂಸು, ಕೊಡಲು ಮನಸ್ಸಾಗಲಿಲ್ಲ. ಔರಾದಿಗೆ ಹೋದ ಗಳಿಗೆಯಲ್ಲಿ ಇದೆಲ್ಲ ಬಯಲಾಗಿ ಮಾಯಾ ತನ್ನ ಕೈ ತಪ್ಪುತ್ತಾಳೆ ಎಂಬ ಹೆದರಿಕೆಯಲ್ಲೇ ಅವಳು ಎರಡು ದಿನ ನಡೆದಳು.

ದಾರಿಯೂ ಮುಗಿಯದು. ಒಂದು ಕಡೆ ನೀರು, ಇನ್ನೊಂದು ಕಡೆ ಕಡಲೆ, ಜೋಳ. ಕೆಸರು ಚಪ್ಪಲಿಗೆ ಅಂಟಿ ಹೆಜ್ಜೆಗೊಂದು ಸೇರು ಭಾರವಾಗುತ್ತಿತ್ತು. ಮೂರನೇ ದಿನ ಬೆಳಿಗ್ಗೆ ಮಾಯಾ ನೀರಿನ ಮೇಲಿನ ಬಾತುಗಳನ್ನು ತೋರಿಸಿ, ಅವು ಹಿಮಾಲಯ ದಾಟಿ ಬಂದಿವೆ ಎಂದಳು.

"ಅಷ್ಟೂರಿಂದ ಬಂದ ನಾನೇ ಇಷ್ಟ ಸುಸ್ತಾಗೀನಿ, ಅವಕ್ಕ ಏನ ಬ್ಯಾನಿ ಬಂದಿತ್ತು?" ಎಂದು ಹೀರಾಬಾಯಿ ಚೀಲ ಇಳಿಸಿ ಕೂತೇಬಿಟ್ಟಳು. ಮಾಯಾ ನಗುತ್ತ ಬಾತುಗಳ ಹತ್ತಿರ ಹೋದಳು.

ಆಗಲೇ ಹುಲ್ಲಿನಲ್ಲಿ ಅದು ಕಂಡದ್ದು. ಚಿಗರಿ ಜಿಂಕೆಯ ಮರಿ, ಹುಟ್ಟಿ ಎರಡು ದಿನವೂ ಆಗಿರಲಿಕ್ಕಿಲ್ಲ. ಕತ್ತು ನೆಲಕ್ಕೆ ಚಾಚಿ ಒಂಟಿಯಾಗಿ ಬಿದ್ದಿತ್ತು, ಸುತ್ತ ತಾಯಿಯ ಸುಳಿವಿಲ್ಲ. ಕುರಿ ಹಿಂಡು ಮುಂದೆ ಹೋಗಿ ಮರಿ ಹಿಂದೆ ಉಳಿದರೆ ಕೊನೆಯಲ್ಲಿ ನಡೆಯುವವರು ಎತ್ತಿ ಕಂಬಳಿಗೆ ಹಾಕಿಕೊಳ್ಳಬೇಕು. ಇದು ಅವಳಿಗೆ ಯಾರೂ ಹೇಳಿಕೊಡಬೇಕಾದ್ದಲ್ಲ. ಕೈ ತಾನಾಗಿ ಹೋಯಿತು. ಮರಿಯನ್ನು ಸೆರಗಿನಲ್ಲಿ ಸುತ್ತಿ ಎದೆಗವಚಿಕೊಂಡಳು.

ತಿರುಗಿ ಬಂದ ಮಾಯಾ ಬಾಯಿ ಬಾಯಿ ಬಡಿದುಕೊಂಡಳು. "ಅವ್ವಾ! ಏನ ಮಾಡ್ದಿ ಇದು?"

"ಪಾಪ, ತಾಯಿ ಬಿಟ್ಟ ಹೋಗ್ಯಾಳ."

"ಬಿಟ್ಟ ಹೋಗಿಲ್ಲವ್ವಾ, ಅಡಗಿಸಿಟ್ಟ ಹೋಗ್ಯಾಳ! ಚಿಗರಿ ಹಾಂಗೇ ಮಾಡ್ತದ. ಮೇಯ್ದು ಬಂದು ಹಾಲ ಕುಡಸ್ತದ. ಇದ್ದಲ್ಲೇ ಇಡು ಮೊದಲ."

ಹೀರಾಬಾಯಿ ಮರಿಯನ್ನು ಹುಲ್ಲಿಗೆ ಇಳಿಸಿದಳು. ಬೇರೆ ವಾಸನೆ ಹತ್ತಿದರೆ ಕುರಿ ತನ್ನ ಮರಿಯನ್ನೇ ಹಾಯುವುದನ್ನು ಅವಳು ಬೇಕಾದಷ್ಟು ಸಲ ಕಂಡಿದ್ದಳು. "ನನ್ನ ಕೈ ವಾಸನಿ ಹತ್ತೇದಲ್ಲೇ ಮಾಯಾ," ಎಂದಳು.

ಸ್ವಲ್ಪ ಹೊತ್ತಿಗೆ ದಿಬ್ಬದ ಮೇಲೆ ತಾಯಿ ಕಾಣಿಸಿತು. ಇವರನ್ನು ನೋಡಿ ನೆಲಕ್ಕೆ ಕಾಲು ಬಡಿಯಿತು, ಓಡಿತು, ಮತ್ತೆ ಬಂದು ನಿಂತಿತು.

"ನಾವು ಇಲ್ಲಿರೋ ತನಕಾ ಅದು ಬರಲ್ಲ. ಏಳು," ಎಂದಳು ಮಾಯಾ.

ಜೋಳದ ಹೊಲದ ಮರೆಗೆ ಹೋಗಿ ಕೂತರು. ಬಿಸಿಲು ನೆತ್ತಿಗೆ ಬಂತು. ಕಟ್ಟಿಕೊಂಡು ಬಂದ ರೊಟ್ಟಿಯನ್ನು ಇಬ್ಬರೂ ಮುಟ್ಟಲಿಲ್ಲ. ಹೀರಾಬಾಯಿ ಯಾವ ದೇವರಿಗೆ ಏನೇನು ಹರಕೆ ಹೊತ್ತಳೋ ಅವಳಿಗೇ ಲೆಕ್ಕವಿಲ್ಲ. ಕೊನೆಗೆ ತಾಯಿ ಹೆಜ್ಜೆ ಹೆಜ್ಜೆಗೆ ನಿಂತು, ಹೆದರಿ ಹೆದರಿ ಇಳಿದು ಬಂತು. ಮರಿಯನ್ನು ಮೂಸಿತು. ಬಹಳ ಹೊತ್ತು ಮೂಸಿತು. ಮರಿ ತಡಬಡಿಸಿ ಎದ್ದು ಕೆಚ್ಚಲಿಗೆ ಬಾಯಿ ಹಾಕಿತು.

ಮಾಯಾ ದುರ್ಬೀನು ಕೊಡಲು ತಿರುಗಿದರೆ ಹೀರಾಬಾಯಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಮಾಯಾ, ನಿಮ್ಮವ್ವ ಬಂದಿದ್ದಳ. ಎರಡ ಸಲ ಬಂದಿದ್ದಳ. ನಾನೇ ಸುಳ್ಳ ಹೇಳಿ ಕಳಿಸೀನಿ."

ಮಾಯಾ ದುರ್ಬೀನನ್ನು ಚೀಲಕ್ಕೆ ಹಾಕಿದಳು. "ಆವಾಗ ನಾ ಎಲ್ಲಿದ್ದೆ?"

"ಹಟ್ಟ್ಯಾಗ. ಮರಿಗಳ ಸಂಗಟ ಆಡ್ಲಿಕತ್ತಿದ್ದಿ. ಬಾಗಲಾ ಮುಚ್ಚಿದ್ದೆ."

ಬೈದಿದ್ದರೆ ಚೆನ್ನಾಗಿತ್ತು. ಮಾಯಾ ಚೀಲ ಹೆಗಲಿಗೇರಿಸಿ ಭಾಲ್ಕಿಯ ದಾರಿ ಹಿಡಿದಳು. ಹೀರಾಬಾಯಿ ಕುಂಟುತ್ತ ಹಿಂದೆ ನಡೆದಳು. ಬಸ್ ನಿಲ್ದಾಣಕ್ಕೆ ಬಂದಾಗ, ತಾನು ಅಷ್ಟೂರಿಗೆ ಹೋಗಿಬಿಡುತ್ತೇನೆ ಎಂದಳು.

"ಇಲ್ಲ. ನೀನೂ ಬಾ, ದೊಡ್ಡವ್ವಾ. ಈ ಮಾತ ಆಕಿ ಮುಂದ ನೀನೇ ಹೇಳಬೇಕು."

ಇಪ್ಪತ್ತಮೂರು ವರ್ಷ ಅವ್ವಾ ಎಂದ ಬಾಯಿ. ಹೀರಾಬಾಯಿ ಕಂಬಿ ಹಿಡಿದು ಬಸ್ಸು ಹತ್ತಿದಳು, ಔರಾದು ಬರುವವರೆಗೆ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಹಾಸ್ಟೆಲ್ಲಿನ ಹಿತ್ತಲ ಬಾಗಿಲನ್ನು ಮಾಯಾ ತಟ್ಟಿದಳು. ಹೀರಾಬಾಯಿ ಅವಳ ಹಿಂದೆ ಗೋಡೆಗೆ ಒರಗಿ ನಿಂತಿದ್ದಳು. ಕೈತುಂಬ ಹಿಟ್ಟು ಮೆತ್ತಿಕೊಂಡ, ಕೂದಲು ಪೂರ್ತಿ ಬೆಳ್ಳಗಾದ ಹೆಂಗಸೊಬ್ಬಳು ಬಾಗಿಲು ತೆಗೆದಳು. ಹೊಸ ಟೀಚರಿರಬೇಕೆಂದುಕೊಂಡು ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಯಾರ ಬೇಕಾಗಿತ್ರಿ? ಒಳಗ ಬರ್ರಿ, ಮೇಡಂ."

ಕೇಳಬೇಕೆಂದು ವರ್ಷಗಟ್ಟಲೆ ಕಾದ ಮಾಯಾ ಹಿಂದೆ ತಿರುಗಿ ನೋಡಿದಳು. ಹೀರಾಬಾಯಿ ಗೋಡೆ ಬಿಟ್ಟು ಮುಂದೆ ಬಂದಳು.

"ಆಕಿಗಿ ರೀ ಅನಬ್ಯಾಡ, ಶೇವಂತಾ," ಎಂದಳು. "ಆಕಿ ನಿನ್ನ ಮಗಳು."